ಹಡಗಿನ ಲೆಕ್ಕ, ಹೊತ್ತಿನ ಲೆಕ್ಕ

ಭಾರತದ ಕೋಸ್ಟ್‌ಗಾರ್ಡ್ ಹುಟ್ಟಿದ್ದರ ಹಿಂದೆ ಬೊಕ್ಕಸದ ಚಿಂತೆಯೂ ಇತ್ತು. ಪಶ್ಚಿಮ ಕರಾವಳಿಯ ಕಳ್ಳಸಾಗಣೆಯಿಂದ ಸುಂಕ ಸೋರಿಹೋಗುತ್ತಿದ್ದ ಕಾಲವದು. ಕೆ.ಎಫ್. ರುಸ್ತುಂಜಿ ಸಮಿತಿಯ ಶಿಫಾರಸಿನಂತೆ 1977ರ ಫೆಬ್ರವರಿ 1ರಂದು ಮಧ್ಯಂತರ ಪಡೆ ಕಟ್ಟಲಾಯಿತು, ಮರುವರ್ಷ ಕಾಯ್ದೆಯೂ ಬಂತು. ಕೈಯಲ್ಲಿದ್ದದ್ದು ನೌಕಾಪಡೆ ಕೊಟ್ಟ ಎರಡು ಹಳೆಯ ಫ್ರಿಗೇಟ್, ಐದು ಗಸ್ತು ದೋಣಿ. ಆಗ ಆಡಳಿತ ರಕ್ಷಣಾ ಸಚಿವಾಲಯದ್ದು, ಹಣ ಕೇಂದ್ರದ ಕಂದಾಯ ಇಲಾಖೆಯದ್ದು. ಇಂಥ ಪಡೆಯ ಲೆಕ್ಕಪರಿಶೋಧನೆಯೂ ಬಹುಕಾಲ ನೌಕಾಪಡೆಯ ವರದಿಯ ಬಾಲದಲ್ಲೇ ಉಳಿಯಿತು. ಯಾವ ಖರೀದಿ ತಡವಾಯಿತು, ಎಲ್ಲಿ ಹೆಚ್ಚು ಹಣ ಹೋಯಿತು ಎಂಬಷ್ಟಕ್ಕೇ ಅದರ ಆಸಕ್ತಿ.

ಹಡಗು ಕೊಂಡದ್ದು ಸರಿ, ಅದರಿಂದ ಸಿಕ್ಕ ಸೇವೆ ಎಷ್ಟು ಎಂದು ಬೇರೆ ದೇಶಗಳು ಕೇಳತೊಡಗಿದ್ದವು. ಕೆನಡಾದ ಮಹಾಲೆಕ್ಕಪರಿಶೋಧಕರು 2000 ಮತ್ತು 2002ರಲ್ಲಿ ಅಲ್ಲಿನ ಕೋಸ್ಟ್‌ಗಾರ್ಡನ್ನು ಹೀಗೆ ಪರೀಕ್ಷಿಸಿ, 2007ರಲ್ಲಿ ಮತ್ತೆ ಬಂದು ನೋಡಿದರು. ಪ್ರಗತಿ ತೃಪ್ತಿಕರವಲ್ಲ ಎಂಬುದೇ ತೀರ್ಪು. ಹಣ ಹೋಗಿಯೂ ಸೇವೆ ಸಿಗದ ಉದಾಹರಣೆ ಅಮೆರಿಕದ್ದು: ಅಲ್ಲಿ 110 ಅಡಿಯ ಎಂಟು ಗಸ್ತು ದೋಣಿಗಳನ್ನು 123 ಅಡಿಗೆ ಉದ್ದಮಾಡಲು ಹೋಗಿ, ಒಡಲಲ್ಲೇ ದೋಷ ಕಾಣಿಸಿ, 2006ರಲ್ಲಿ ಎಂಟನ್ನೂ ಸೇವೆಯಿಂದ ಹಿಂತೆಗೆಯಬೇಕಾಯಿತು.

ನಮ್ಮಲ್ಲಿ ಆ ಪ್ರಶ್ನೆಗೆ ತುರ್ತು ಬಂದದ್ದು 2008ರ ನವೆಂಬರ್ 26ರ ಮುಂಬೈ ದಾಳಿಯ ನಂತರ. ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ ಸಂಸ್ಥೆ (ಸಿಎಜಿ) 2011ರಲ್ಲಿ ಕೋಸ್ಟ್‌ಗಾರ್ಡಿನ ಪಾತ್ರ ಮತ್ತು ಕಾರ್ಯನಿರ್ವಹಣೆಯ ಮೇಲೆ ಪ್ರತ್ಯೇಕ ವರದಿಯನ್ನೇ ಕೊಟ್ಟಿತು. ವೇಗದ ಗಸ್ತು ನೌಕೆಗಳಲ್ಲಿ ಶೇ. 72, ದೂರಸಮುದ್ರದ ಸುಧಾರಿತ ಗಸ್ತು ನೌಕೆಗಳಲ್ಲಿ ಶೇ. 47, ಇಂಟರ್‌ಸೆಪ್ಟರ್ ದೋಣಿಗಳಲ್ಲಿ ಶೇ. 37 ಒಂದೋ ಆಯಸ್ಸು ಮುಗಿಸಿದ್ದವು, ಇಲ್ಲವೇ ವಿಸ್ತರಿಸಿದ ಆಯಸ್ಸಿನಲ್ಲಿ ಓಡುತ್ತಿದ್ದವು. ಪಡೆಯ ಬಗ್ಗೆ ನಾವು ಕಟ್ಟಿಕೊಂಡಿದ್ದ ಭ್ರಮೆ ಕಳಚಲು ಆ ಮೂರು ಅಂಕಿಗಳೇ ಸಾಕಿದ್ದವು.

ಆದರೆ ಶೇ. 72ರ ಕಥೆ ಕೊಚ್ಚಿಯಲ್ಲಿ ಇನ್ನೊಂದು ರೀತಿ ಕಾಣುತ್ತದೆ. ಇಪ್ಪತ್ತು ವೇಗದ ಗಸ್ತು ನೌಕೆಗಳಿಗೆ ಕೊಚ್ಚಿನ್ ಶಿಪ್‌ಯಾರ್ಡ್ ಜೊತೆ ಒಪ್ಪಂದವಾದದ್ದು 2010ರ ಅಕ್ಟೋಬರಿನಲ್ಲಿ, ಅಂದರೆ ವರದಿ ಹೊರಬೀಳುವ ಮೊದಲೇ. ಸುಮಾರು 50 ಮೀಟರ್ ಉದ್ದ, 33 ನಾಟ್ ವೇಗ, ಪ್ರೊಪೆಲ್ಲರಿನ ಬದಲು ವಾಟರ್‌ಜೆಟ್. ಮೊದಲ ನೌಕೆ ‘ಆದೇಶ್’ 2013ರಲ್ಲಿ ಪಡೆ ಸೇರಿತು. 2016 ಮುಗಿಯುವಷ್ಟರಲ್ಲಿ ಇಪ್ಪತ್ತೂ ಕೈಸೇರಿದ್ದವು. ಸರ್ಕಾರಿ ಹಡಗು ನಿರ್ಮಾಣದಲ್ಲಿ ಹೇಳಿದ ಹೊತ್ತಿಗೆ ಕೆಲಸ ಮುಗಿಯುವುದು ಎಷ್ಟು ಅಪರೂಪವೆಂದು ಅದೇ ಅಂಗಳದಲ್ಲಿ ಕಟ್ಟಿದ ವಿಕ್ರಾಂತ್ ನೆನಪಿಸುತ್ತದೆ. 2009ರಲ್ಲಿ ಅಡಿಗಟ್ಟು ಹಾಕಿದ ಆ ವಿಮಾನವಾಹಕ ಸೇವೆಗೆ ಸೇರಿದ್ದು 2022ರಲ್ಲಿ.

ಹಡಗು ಬಂತು, ಶೇಕಡಾವಾರು ಸುಧಾರಿಸಿತು. ಆದರೆ ನೌಕೆ ಹೊಸದಾದ ಮಾತ್ರಕ್ಕೆ ಮೀನುಗಾರನ ಬಳಿಗೆ ಬೇಗ ತಲುಪುತ್ತದೆಯೇ? 2017ರ ನವೆಂಬರ್ 30ರಂದು ಎದ್ದ ಓಖಿ ಚಂಡಮಾರುತ ತಿರುವನಂತಪುರದ ಪೂಂತುರ, ವಿಳಿಂಞಂಗಳಲ್ಲಿ ಇದನ್ನೇ ಕೇಳಿತು. ಮುನ್ನೆಚ್ಚರಿಕೆ ಯಾವಾಗ ಬಂತೆಂಬುದರ ಬಗ್ಗೆ ರಾಜ್ಯ ಸರ್ಕಾರಕ್ಕೂ ಹವಾಮಾನ ಇಲಾಖೆಗೂ ಜಟಾಪಟಿ. ಹುಡುಕಾಟಕ್ಕೆ ಹೊರಟ ಹಡಗುಗಳಿಗೆ ದಾರಿ ತೋರಿಸಲು ಮೀನುಗಾರರನ್ನೇ ಹತ್ತಿಸಿಕೊಳ್ಳಬೇಕಾಯಿತು. ಯಾವ ಋತುವಿನಲ್ಲಿ ಯಾರ ಬೋಟು ಎಲ್ಲಿ ಬಲೆ ಹಾಕುತ್ತದೆಂಬುದು ಅವರಿಗೆ ಗೊತ್ತು. ಯಾವ ದಾಸ್ತಾನು ಪುಸ್ತಕದಲ್ಲೂ ಅದು ಸಿಗುವುದಿಲ್ಲ. ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ 2018ರಲ್ಲಿ ಓಖಿಯ ಬಗ್ಗೆಯೇ ವರದಿ ಕೊಟ್ಟಿತು. ಅದನ್ನು ನಾನು ಈ ಕ್ಷೇತ್ರದ ತಿರುವು ಎಂದೇ ಪರಿಗಣಿಸುತ್ತೇನೆ. ಕಡಲಿಗೆ ಹೋದವನಿಗೆ ಎಚ್ಚರಿಕೆ ತಲುಪಿತೇ ಎಂಬುದು ಅದರ ನಂತರ ಕಚೇರಿಗಳು ಉತ್ತರಿಸಬೇಕಾದ ಪ್ರಶ್ನೆಯಾಯಿತು.

ಕನ್ನಡಿಗರಿಗೆ ಈ ನೋವು ಹೊಸದಲ್ಲ. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಂದಿಗೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನ ಅವಶೇಷ ಮಾಲ್ವಣದಾಚೆ ಕಡಲತಳದಲ್ಲಿ ಪತ್ತೆಯಾದದ್ದು 2019ರ ಮೇಯಲ್ಲಿ. ಐದು ತಿಂಗಳ ನಡುವೆ ಹುಡುಕಿದವರು ಕರಾವಳಿ ಕಾವಲು ಪೊಲೀಸರು, ಕೋಸ್ಟ್‌ಗಾರ್ಡ್, ನೌಕಾಪಡೆ.

ತೊಡಕು ಇಲ್ಲಿದೆ. ತೀರದಿಂದ 12 ನಾಟಿಕಲ್ ಮೈಲಿವರೆಗಿನ ಗಸ್ತು ರಾಜ್ಯದ ಕರಾವಳಿ ಪೊಲೀಸರ ಹೊಣೆ. ಕೇಂದ್ರದ ಕರಾವಳಿ ಭದ್ರತಾ ಯೋಜನೆಯ ಮೊದಲ ಹಂತದಲ್ಲಿ ಕೇರಳಕ್ಕೆ 8 ಠಾಣೆ ಮತ್ತು 24 ದೋಣಿ ದೊರೆತವು. ಅವುಗಳ ಪರಿಶೋಧನೆ ತಿರುವನಂತಪುರದ ಮಹಾಲೇಖಪಾಲರ ಕಚೇರಿಯದ್ದು, ವರದಿ ಹೋಗುವುದು ವಿಧಾನಸಭೆಗೆ. ಫೋರ್ಟ್ ಕೊಚ್ಚಿಯಲ್ಲಿ ಜಿಲ್ಲಾ ಕೇಂದ್ರವಿರುವ ಕೋಸ್ಟ್‌ಗಾರ್ಡಿನ ವರದಿ ಸಂಸತ್ತಿಗೆ ಹೋಗುತ್ತದೆ. ಮುಳುಗುತ್ತಿರುವ ದೋಣಿಗೆ ಈ ಗಡಿ ತಿಳಿಯದು.

2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಮುಳುಗಿದಾಗ ಅದರಲ್ಲಿ 640 ಕಂಟೇನರುಗಳಿದ್ದವು. 24 ಸಿಬ್ಬಂದಿಯನ್ನೂ ಉಳಿಸಲಾಯಿತು, ಅದು ಮೆಚ್ಚತಕ್ಕ ಕೆಲಸ. ಬಳಿಕ ಕೇರಳ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ತೈಲ ಸೋರಿಕೆ ತಡೆಗೆ ಯಾವ ನೌಕೆ ಎಷ್ಟು ಹೊತ್ತಿಗೆ ಮುಟ್ಟಿತು, ಏನು ಮಾಡಿತು ಎಂಬ ದಾಖಲೆಗೆ ಇಂಥ ದಾವೆಗಳಲ್ಲಿ ಹಣದಷ್ಟೇ ಬೆಲೆ.

ಆದ್ದರಿಂದ ಮುಂದಿನ ಪರಿಶೋಧನೆ ಒಂದೇ ಘಟನೆಯನ್ನು ಹಿಡಿದು, ಮೊದಲ ಕರೆ ಬಂದ ನಿಮಿಷದಿಂದ ಕೊನೆಯವನು ದಡ ಸೇರುವವರೆಗೆ, ಪೊಲೀಸ್ ದೋಣಿ, ಮೀನುಗಾರಿಕೆ ಇಲಾಖೆ, ಕೋಸ್ಟ್‌ಗಾರ್ಡ್ ಮೂವರ ದಾಖಲೆಯನ್ನೂ ಒಟ್ಟಿಗೆ ಓದಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಎರಡೂ ಕಡೆಯ ಲೆಕ್ಕಪರಿಶೋಧಕರು ಒಬ್ಬರೇ ಸಿಎಜಿಯ ಕೈಕೆಳಗಿನವರು.