ಗಡಸು ನೀರಿನಲ್ಲಿ ತರಕಾರಿ ಬೇಸಾಯ

ಗಡಸು ನೀರು ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು. ಇಂತಹ ನೀರನ್ನು ಬಳಸಿ ತರಕಾರಿ ಬೆಳೆಯುವಾಗ ಮಣ್ಣಿನ ರಸಸಾರ ಏರುವುದು, ಪೋಷಕಾಂಶಗಳು ಬೇರಿಗೆ ದಕ್ಕದಿರುವುದು ಮತ್ತು ಹನಿ ನೀರಾವರಿ ಪೈಪುಗಳು ಕಟ್ಟಿಕೊಳ್ಳುವುದು ಮುಖ್ಯ ತೊಂದರೆಗಳು. ಕರ್ನಾಟಕದಲ್ಲಿ ಕೊಳವೆಬಾವಿಯನ್ನು ನಂಬಿದ ಒಣ ತಾಲ್ಲೂಕುಗಳಲ್ಲಿ ಇವು ಸಾಮಾನ್ಯ.

ಕೊಪ್ಪಳ ಜಿಲ್ಲೆಯಲ್ಲಿ

ಗಂಗಾವತಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಗುತ್ತದೆ. ಕೊಪ್ಪಳ ತಾಲ್ಲೂಕಿನ ಹೋಬಳಿ ಕೇಂದ್ರವಾದ ಇರಕಲ್ಲಗಡದ ಸುತ್ತಲಿನ ಹಳ್ಳಿಗಳಲ್ಲಿ, ಹಾಗೆಯೇ ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳಲ್ಲಿ ತರಕಾರಿಗೆ ಬಹುಮಟ್ಟಿಗೆ ಕೊಳವೆಬಾವಿಯೇ ಆಧಾರ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ನಿಂತ ನೀರಿನ ಗುಣ ಒಂದೇ ಊರಿನ ಎರಡು ಬಾವಿಗಳಲ್ಲಿಯೂ ಬೇರೆಯಾಗಿರಬಹುದು. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದೆ. ಫ್ಲೋರೈಡ್ ಹೆಚ್ಚಿರುವ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಹೆಚ್ಚು.

ಗಡಸು ನೀರು ಮತ್ತು ಕ್ಷಾರ ನೀರು

ಈ ಎರಡನ್ನೂ ಆಡುಮಾತಿನಲ್ಲಿ 'ಸವಳು ನೀರು' ಎಂದೇ ಕರೆಯುವುದರಿಂದ ಉಪಚಾರ ತಪ್ಪುವುದುಂಟು. ಗಡಸು ನೀರಿನಲ್ಲಿ ಸಾಬೂನು ನೊರೆ ಬರದು, ಬೇಳೆ ಬೇಗ ಬೇಯದು, ಕಾಯಿಸಿದ ಪಾತ್ರೆಯಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ಕ್ಷಾರ ನೀರಿನಲ್ಲಿ ನೊರೆ ಚೆನ್ನಾಗಿ ಬರುತ್ತದೆ, ಆದರೆ ಅದನ್ನು ಹಾಯಿಸಿದ ಹೊಲ ಬಿಗಿದು ನೀರು ಇಂಗದೆ ನಿಲ್ಲುತ್ತದೆ. ಪರೀಕ್ಷಾ ವರದಿಯಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 2.5 ಮಿಲಿಈಕ್ವಿವಲೆಂಟ್ ಮೀರಿದರೆ ಆ ನೀರು ನೀರಾವರಿಗೆ ಯೋಗ್ಯವಲ್ಲವೆಂದು ಪರಿಗಣಿಸಲಾಗುತ್ತದೆ. ಜಿಪ್ಸಂ ಕ್ಷಾರ ನೀರಿಗೆ ಮದ್ದು. ಕ್ಯಾಲ್ಸಿಯಂ ಈಗಾಗಲೇ ತುಂಬಿರುವ ಹೊಲಕ್ಕೆ ಅದನ್ನು ಹಾಕುವುದು ವ್ಯರ್ಥ ಖರ್ಚು. ಮನೆಬಳಕೆಯ ಉಪ್ಪಿನ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುವುದರಿಂದ ಅದರ ನೀರು ಬೆಳೆಗೆ ಇನ್ನಷ್ಟು ಕೆಟ್ಟದ್ದು.

ಬೆಳೆಯ ಮೇಲಿನ ಪರಿಣಾಮ

ಹಾನಿಗೆ ಕ್ಯಾಲ್ಸಿಯಂಗಿಂತ ಅದರ ಜೊತೆಗಿರುವ ಬೈಕಾರ್ಬೊನೇಟ್ ಹೆಚ್ಚು ಕಾರಣ. ನೀರು ಆವಿಯಾದಂತೆ ಅದು ಸುಣ್ಣವಾಗಿ ಉಳಿಯುತ್ತದೆ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರನ್ನು ಒಂದು ಬೆಳೆಗೆ 500 ಮಿ.ಮೀ.ನಷ್ಟು ಹಾಯಿಸಿದರೆ, ಆ ಗಡಸುತನವೆಲ್ಲ ಬೈಕಾರ್ಬೊನೇಟಿನದಾದಲ್ಲಿ, ಹೆಕ್ಟೇರಿಗೆ 2 ಟನ್ನಿನವರೆಗೆ ಸುಣ್ಣ ಸೇರಬಹುದು. ರಸಸಾರ ಏರಿದಂತೆ ಕಬ್ಬಿಣ, ಸತು, ಮ್ಯಾಂಗನೀಸ್ ಮತ್ತು ರಂಜಕ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಎಳೆಯ ಎಲೆಗಳು ನರಗಳ ನಡುವೆ ಹಳದಿಯಾಗುತ್ತವೆ. ಹುರುಳಿಕಾಯಿ ಬೇಗ ಸೊರಗುತ್ತದೆ. ಪಾಲಕ್, ಬೀಟ್‌ರೂಟ್ ಮತ್ತು ಎಲೆಕೋಸು ಹೆಚ್ಚು ತಾಳಿಕೊಳ್ಳುತ್ತವೆ. ಸುಣ್ಣದ ಮಣ್ಣಿನಲ್ಲಿಯೂ ಟೊಮೆಟೊ ಹಣ್ಣಿನ ತುದಿ ಕಪ್ಪಾಗಿ ಕೊಳೆಯುವುದುಂಟು. ಇದು ಹಣ್ಣಿಗೆ ಕ್ಯಾಲ್ಸಿಯಂ ತಲುಪದ ಕೊರತೆ. ನೀರನ್ನು ಏರುಪೇರಿಲ್ಲದೆ ಕೊಡುವುದೇ ಇದಕ್ಕೆ ಮೊದಲ ಪರಿಹಾರ.

ನಿರ್ವಹಣೆ

ಮಳೆನೀರನ್ನು ಕೃಷಿಹೊಂಡದಲ್ಲಿ ಹಿಡಿದು ಬೋರಿನ ನೀರಿನೊಂದಿಗೆ ಬೆರೆಸುವುದು ಸರಳ ಮಾರ್ಗ. ಸಸಿಮಡಿಗೆ ಮಳೆನೀರನ್ನೇ ಮೀಸಲಿಡುವುದು ಒಳ್ಳೆಯದು. ಯೂರಿಯಾಕ್ಕಿಂತ ಅಮೋನಿಯಂ ಸಲ್ಫೇಟ್ ಮಣ್ಣನ್ನು ಹೆಚ್ಚು ಆಮ್ಲೀಯವಾಗಿಸುತ್ತದೆ. ಹಳದಿ ಎಲೆಗಳಿಗೆ ನಿಂಬೆಹುಳಿ ಬೆರೆಸಿದ ಶೇ. 0.5ರ ಅನ್ನಭೇದಿ ದ್ರಾವಣವನ್ನು ಸಂಜೆ ಸಿಂಪಡಿಸಲಾಗುತ್ತದೆ. ಮಣ್ಣಿಗೆ ಕೊಡುವುದಾದರೆ ಇಡಿಡಿಎಚ್‌ಎ ಚಿಲೇಟಿನ ಕಬ್ಬಿಣವೇ ಬೇಕು, ಇಡಿಟಿಎ ಚಿಲೇಟ್ ಹೆಚ್ಚಿನ ರಸಸಾರದಲ್ಲಿ ನಿಲ್ಲದು. ಗಂಧಕ ಸುರಿದು ಹೊಲದ ಸುಣ್ಣವನ್ನೆಲ್ಲ ಕರಗಿಸುವ ಆಸೆ ಲೆಕ್ಕಕ್ಕೆ ನಿಲ್ಲುವುದಿಲ್ಲ: ಮೇಲ್ಮಣ್ಣಿನಲ್ಲಿ ಶೇ. 1ರಷ್ಟು ಸುಣ್ಣವಿದ್ದರೂ ಹೆಕ್ಟೇರಿಗೆ 6 ಟನ್ನಿಗೂ ಹೆಚ್ಚು ಗಂಧಕ ಬೇಕಾಗುತ್ತದೆ. ಬೇರಿನ ಸಾಲಿಗೆ ಮಾತ್ರ ಕೊಟ್ಟ ಅಲ್ಪ ಪ್ರಮಾಣ, ಕೊಟ್ಟಿಗೆ ಗೊಬ್ಬರದೊಂದಿಗೆ, ಉಪಯುಕ್ತ.

ಕಟ್ಟಿಕೊಂಡ ಡ್ರಿಪ್ಪರುಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆಯುತ್ತಾರೆ. ಕೊನೆಯ ಡ್ರಿಪ್ಪರಿನಲ್ಲಿ ರಸಸಾರ 4ರ ಹತ್ತಿರ ಬಂದಾಗ ಪಂಪು ನಿಲ್ಲಿಸಿ, ಕೆಲವು ಗಂಟೆಗಳ ನಂತರ ಪೈಪಿನ ತುದಿ ಬಿಚ್ಚಿ ನೀರು ಹರಿಸಬೇಕು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಬ್ಲೀಚಿಂಗ್ ಪುಡಿಯೊಂದಿಗೆ ಅದನ್ನು ಎಂದಿಗೂ ಸೇರಿಸಬಾರದು, ವಿಷಾನಿಲ ಹೊರಡುತ್ತದೆ. ರಸಾವರಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ರಂಜಕದ ಗೊಬ್ಬರವನ್ನು ಒಂದೇ ತೊಟ್ಟಿಯಲ್ಲಿ ಕಲಸಿದರೆ ಗಸಿ ಕಟ್ಟುತ್ತದೆ.

ನೀರಿನ ಪರೀಕ್ಷೆಗೆ ಪಂಪನ್ನು ಸ್ವಲ್ಪ ಹೊತ್ತು ಓಡಿಸಿದ ಮೇಲೆ ಶುದ್ಧ ಬಾಟಲಿಯಲ್ಲಿ ಮಾದರಿ ಹಿಡಿಯಬೇಕು. ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಪರೀಕ್ಷಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಜಿಲ್ಲೆಯಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಮಣ್ಣು ಮತ್ತು ನೀರಿನ ನಿರ್ವಹಣೆಯ ಕುರಿತು ಸಂಶೋಧನೆ ನಡೆಸುತ್ತದೆ. ಮುನಿರಾಬಾದಿನಲ್ಲಿ ತೋಟಗಾರಿಕಾ ಮಹಾವಿದ್ಯಾಲಯವಿದೆ.