ಒಡೆದ ಉರುಳೆಗಳ ಬೆಸುಗೆ

ಬಂಡಿಯ ಗಾಲಿಗೆ ಹಾಕುವ ಪಟ್ಟೆಯ ಎರಡು ತುದಿಗಳನ್ನು ಕಮ್ಮಾರನು ಬೆಳ್ಳಗೆ ಕಾಯಿಸಿ, ಒಂದರ ಮೇಲೊಂದಿಟ್ಟು ಬಡಿದು ಒಂದುಗೂಡಿಸುವುದು ಬಹು ಪ್ರಾಚೀನವಾದ ವಿದ್ಯೆ. ಆದರೆ ಅದೇ ಕಮ್ಮಾರನ ಮುಂದೆ ಒಡೆದ ಬೀಡುಕಬ್ಬಿಣದ ತುಂಡುಗಳನ್ನಿಟ್ಟರೆ ಅವನು ತಲೆಯಾಡಿಸಿಬಿಡುವನು. ಬೀಡು ಸುತ್ತಿಗೆಯ ಏಟಿಗೆ ಬಾಗುವ ಲೋಹವಲ್ಲ, ಒಡೆಯುವ ಲೋಹ. ಇಂಥ ಲೋಹವನ್ನು ಕೂಡಿಸುವುದು ಸಾಧ್ಯವೇ ಎಂಬ ಪ್ರಶ್ನೆಯು ಒಮ್ಮೆ ಒಂದು ಮಹಾಯುದ್ಧದ ನಡುವೆ ಎದ್ದಿತು. ಅದಕ್ಕೆ ದೊರೆತ ಉತ್ತರದ ಮೇಲೆ ಲಕ್ಷಾಂತರ ಸೈನಿಕರ ಪ್ರಯಾಣವು ನಿಂತಿತ್ತು. ಆ ಸಂಗತಿಯನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ.

೧೯೧೪ನೆಯ ಆಗಸ್ಟ್ ತಿಂಗಳಲ್ಲಿ ಯೂರೋಪಿನಲ್ಲಿ ಯುದ್ಧವು ಆರಂಭವಾದಾಗ ಜರ್ಮನಿಯ ಅನೇಕ ವ್ಯಾಪಾರಿ ಹಡಗುಗಳು ಸಮುದ್ರದಲ್ಲಿದ್ದುವು. ಬ್ರಿಟಿಷ್ ನೌಕಾಬಲದ ಕೈಗೆ ಸಿಕ್ಕಬಾರದೆಂದು ಅವು ತಟಸ್ಥ ರಾಷ್ಟ್ರವಾಗಿದ್ದ ಅಮೆರಿಕಾ ಸಂಯುಕ್ತ ಸಂಸ್ಥಾನದ ಬಂದರುಗಳನ್ನು ಹೊಕ್ಕುವು. ನ್ಯೂಯಾರ್ಕ್, ಬಾಸ್ಟನ್ ಮೊದಲಾದ ಸ್ಥಳಗಳಲ್ಲಿ ಅವು ಎರಡೂವರೆ ವರ್ಷ ಲಂಗರು ಹಾಕಿ ನಿಂತಿದ್ದುವು. ೧೯೧೭ರ ಆರಂಭದಲ್ಲಿ ಎರಡು ದೇಶಗಳ ಸಂಬಂಧವು ಕಡಿಯುವ ಕಾಲವು ಬಂದಿತು. ಯುದ್ಧವಾದರೆ ಈ ಹಡಗುಗಳು ಅಮೆರಿಕದ ವಶವಾಗುವುವೆಂಬುದರಲ್ಲಿ ಸಂದೇಹವಿರಲಿಲ್ಲ. ಆದುದರಿಂದ ತಾವೇ ಎಣ್ಣೆಹಾಕಿ ಸಲಹಿದ್ದ ಯಂತ್ರಗಳನ್ನು ಜರ್ಮನ್ ನಾವಿಕರು ತಾವೇ ಒಡೆಯಬೇಕಾಯಿತು.

ಅವರು ಏನನ್ನು ಒಡೆದರೆಂಬುದನ್ನು ನಾವು ಗಮನಿಸಬೇಕು. ಹಬೆಯಂತ್ರದಲ್ಲಿ ಆಡುಬೆಣೆಯು ಓಡಾಡುವ ಸಿಲಿಂಡರು ಎಂಬ ದೊಡ್ಡ ಉರುಳೆಯಿದೆಯಷ್ಟೆ. ಅದು ಬೀಡುಕಬ್ಬಿಣದ ಎರಕ. ಒಂದು ದೊಡ್ಡ ಹಡಗಿನ ಉರುಳೆಯನ್ನು ಹೊಸದಾಗಿ ಮಾಡಬೇಕಾದರೆ ನಕಾಶೆ ಬರೆಯಬೇಕು, ಮರದ ಅಚ್ಚು ಮಾಡಬೇಕು, ಎರಕ ಹೊಯ್ಯಬೇಕು, ಒಳಮೈಯನ್ನು ಕೊರೆದು ನಯಗೊಳಿಸಬೇಕು. ಕೊನೆಗೆ ಹಡಗಿನ ಮೇಲ್ಮಾಳಿಗೆಗಳನ್ನು ಬಿಚ್ಚಿ ಅದನ್ನು ಒಳಕ್ಕಿಳಿಸಬೇಕು. ಇದು ತಿಂಗಳುಗಟ್ಟಲೆಯ ಕೆಲಸ. ಹಡಗುಗಳ ಸಂಖ್ಯೆ ಹೆಚ್ಚಾದರೆ ವರ್ಷಕ್ಕೂ ಮೀರಬಹುದು. ಕೋನಿಗ್ ವಿಲ್‌ಹೆಲ್ಮ್ ೨ ಎಂಬ ಹಡಗಿನಲ್ಲಿ ನೀರೊತ್ತಡದ ಜಾಕುಗಳನ್ನಿಟ್ಟು ಉರುಳೆಗಳನ್ನು ಬಿರಿಯಿಸಿದರು. ಬೇರೆ ಕಡೆಗಳಲ್ಲಿ ದೊಡ್ಡ ದೊಡ್ಡ ಚೂರುಗಳು ಕಳಚಿ ಬೀಳುವಂತೆ ಹೊಡೆದರು. ಇದು ಕೋಪದ ಕೆಲಸವಲ್ಲ, ಬಲ್ಲವರ ಲೆಕ್ಕಾಚಾರ. ೧೯೧೪ರ ವೇಳೆಗೆ ಹಡಗಿನ ಎಂಜಿನಿಯರುಗಳು ಸಾಮಾನ್ಯವಾಗಿ ತಿಳಿದಿದ್ದುದನ್ನು ಆಧರಿಸಿ ಹೇಳುವುದಾದರೆ ಆ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ.

೧೯೧೭ನೆಯ ಏಪ್ರಿಲ್ ೬ರಂದು ಅಮೆರಿಕವು ಯುದ್ಧವನ್ನು ಸಾರಿ ಹಡಗುಗಳನ್ನು ವಶಪಡಿಸಿಕೊಂಡಿತು. ಹಡಗುಗಳನ್ನು ಪರೀಕ್ಷಿಸಿದ ತಜ್ಞರಲ್ಲಿ ಹಲವರು ಹೊಸ ಉರುಳೆಗಳನ್ನು ಎರೆಯದೆ ಗತ್ಯಂತರವಿಲ್ಲವೆಂದರು. ನೌಕಾಖಾತೆಯ ಹಬೆಯಂತ್ರ ವಿಭಾಗವು ಇದಕ್ಕೆ ಒಪ್ಪಲಿಲ್ಲ. ಅದರ ಮುಖ್ಯಾಧಿಕಾರಿ ರಿಯರ್ ಅಡ್ಮಿರಲ್ ರಾಬರ್ಟ್ ಗ್ರಿಫಿನ್ ಅವರೂ, ನ್ಯೂಯಾರ್ಕಿನ ನೌಕಾಂಗಣದ ಎಂಜಿನಿಯರ್ ಕ್ಯಾಪ್ಟನ್ ಜೆಸಪ್ ಅವರೂ ವಿದ್ಯುತ್ತಿನ ಬೆಸುಗೆಯ ಪಕ್ಷವನ್ನು ಹಿಡಿದರು. ಈ ವಿದ್ಯೆಯು ತೀರ ಹೊಸದಲ್ಲ. ರಷ್ಯಾದಲ್ಲಿ ೧೮೮೦ರ ದಶಕದಲ್ಲಿ ಬೆನಾರ್ಡೋಸ್ ಎಂಬವನು ಇದ್ದಿಲ ಕಡ್ಡಿಯಿಂದಲೂ, ೧೮೮೮ರಲ್ಲಿ ಸ್ಲಾವ್ಯಾನೋವ್ ಎಂಬವನು ಲೋಹದ ಕಡ್ಡಿಯಿಂದಲೂ ವಿದ್ಯುಚ್ಚಾಪವನ್ನು ಹೊತ್ತಿಸಿ ಲೋಹಗಳನ್ನು ಕೂಡಿಸಿದ್ದರು. ಅಮೆರಿಕದ ರೈಲ್ವೆ ಕಾರ್ಖಾನೆಗಳಲ್ಲಿ ಇದು ಬಳಕೆಗೆ ಬಂದಿತ್ತು. ಆದರೆ ಸಾವಿರಾರು ಜನರನ್ನು ಹೊತ್ತು ಸಾಗರವನ್ನು ದಾಟಬೇಕಾದ ಹಡಗಿನ ಉರುಳೆಯನ್ನು ಇದಕ್ಕೆ ಒಪ್ಪಿಸುವುದು ಬೇರೆಯ ಮಾತು. ನಡುಗಡಲಿನಲ್ಲಿ ಯಂತ್ರವು ನಿಂತ ಹಡಗು ಶತ್ರುವಿನ ಜಲಾಂತರ್ನೌಕೆಗೆ ಸುಲಭವಾದ ಗುರಿಯಲ್ಲವೇ?

ಬೇರೆ ಉಪಾಯಗಳಿರಲಿಲ್ಲವೆಂದಲ್ಲ. ಒಡೆದ ಭಾಗದ ಮೇಲೆ ಲೋಹದ ತೇಪೆಯಿಟ್ಟು ತಿರುಪುಗಳಿಂದ ಬಿಗಿಯುವುದು ಹಳೆಯ ಪದ್ಧತಿ. ಆದರೆ ಕಾಯುತ್ತ ಆರುತ್ತ ಇರುವ ಉರುಳೆಯಲ್ಲಿ ಹಬೆಯು ಸೋರದಂತೆ ಅದನ್ನು ನಿಲ್ಲಿಸುವುದು ಕಷ್ಟ. ಆಮ್ಲಜನಕ ಮತ್ತು ಅಸಿಟಿಲೀನ್ ಅನಿಲಗಳ ಜ್ವಾಲೆಯು ೩೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು. ಬೀಡನ್ನು ಚೆನ್ನಾಗಿಯೇ ಕರಗಿಸುವುದು. ಆದರೆ ಆ ಶಾಖವು ಸುತ್ತಲೂ ಹರಡಿಕೊಳ್ಳುತ್ತದೆ. ಬೀಡಿನ ಒಂದು ಭಾಗ ಮಾತ್ರ ಕಾದು ಹಿಗ್ಗಿ, ಮತ್ತೆ ಆರಿ ಕುಗ್ಗಿದರೆ, ಹಳೆಯ ಬಿರುಕಿನ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುವುದು. ಇದನ್ನು ತಪ್ಪಿಸಲು ಇಡೀ ಎರಕವನ್ನೇ ಮೊದಲು ಕಾಯಿಸಿ, ಬೆಸೆದ ಮೇಲೆ ನಿಧಾನವಾಗಿ ಆರಗೊಡಬೇಕು. ಹಾಗೆ ಮಾಡಬೇಕಾದರೆ ಉರುಳೆಯನ್ನು ಹಡಗಿನಿಂದ ಹೊರಕ್ಕೆ ತೆಗೆಯಬೇಕು. ಆಗ ಕಾಲದ ಉಳಿತಾಯವೆಲ್ಲಿಯದು?

ವಿದ್ಯುಚ್ಚಾಪದ ಗುಣವು ಇಲ್ಲಿಯೇ ಕಾಣುತ್ತದೆ. ಅದರ ಶಾಖವು ಜ್ವಾಲೆಯ ಶಾಖಕ್ಕಿಂತಲೂ ಉಗ್ರವಾದರೂ ಒಂದು ಬಿಂದುವಿನಲ್ಲಿ ನಿಲ್ಲುತ್ತದೆ. ಸುತ್ತಲಿನ ಲೋಹವು ಬಹುಮಟ್ಟಿಗೆ ತಣ್ಣಗಿರುತ್ತದೆ. ಉರುಳೆಯು ಇದ್ದಲ್ಲಿಯೇ ಇರಬಹುದು. ಆದರೆ ದೋಷವೂ ಉಂಟು. ಬೀಡಿನಲ್ಲಿ ಇಂಗಾಲವು ನೂರಕ್ಕೆ ಮೂರು ನಾಲ್ಕು ಪಾಲಿನಷ್ಟಿರುವುದರಿಂದ, ಕರಗಿ ತಟ್ಟನೆ ಆರಿದ ಅಂಚು ಗಾಜಿನಂತೆ ಗಡುಸಾಗಿ ಪೆಡಸಾಗುವುದು. ಉಕ್ಕಿನ ಬೆಸುಗೆಯು ಅಂಚನ್ನೇ ಕಿತ್ತುಕೊಂಡು ಬರಬಹುದು. ಕುಶಲಿಗಳು ಇದಕ್ಕೊಂದು ಉಪಾಯವನ್ನು ಮಾಡಿದರು. ಒಡೆದ ಅಂಚನ್ನು ಇಳಿಜಾರಾಗಿ ಕೆತ್ತಿ, ಅದರುದ್ದಕ್ಕೂ ತೂತು ಕೊರೆದು, ಉಕ್ಕಿನ ತಿರುಪುಮೊಳೆಗಳನ್ನು ಸಾಲಾಗಿ ನೆಟ್ಟರು. ಆ ಮೊಳೆಗಳ ತಲೆಗಳನ್ನು ಹಿಡಿದುಕೊಳ್ಳುವಂತೆ ಉಕ್ಕನ್ನು ಪದರಪದರವಾಗಿ ತುಂಬಿದರು. ಒಂದೊಂದು ಪದರವೂ ಬಿಸಿಯಿರುವಾಗಲೇ ಅದನ್ನು ಸುತ್ತಿಗೆಯಿಂದ ಮೆಲ್ಲನೆ ಬಡಿದು, ಕುಗ್ಗುವ ಸೆಳೆತವನ್ನು ಸಡಿಲಿಸಿದರು. ಹೀಗೆ ಭಾರವನ್ನು ಹೊರುವ ಕೆಲಸವು ಪೆಡಸಾದ ಅಂಚಿಗೆ ಮಾತ್ರ ಬೀಳದೆ, ಬೀಡಿನ ಒಡಲಿಗೆ ಇಳಿದ ಮೊಳೆಗಳಿಗೂ ಹಂಚಿಹೋಯಿತು. ಅವಸರಪಡುವವನ ಕೈಗೆ ಒಪ್ಪಿಸುವ ಕೆಲಸವಲ್ಲ ಇದು.

ಬೆಸುಗೆಯೊಂದರಿಂದಲೇ ಕಾರ್ಯವು ಮುಗಿಯಲಿಲ್ಲ. ಕಣ್ಣಿಗೆ ಬೀಳದ ಕೇಡುಗಳೂ ಇರಬಹುದೆಂಬ ಶಂಕೆಯಿಂದ ಯಂತ್ರಗಳನ್ನು ಬಿಚ್ಚಿ ನೋಡಬೇಕಾಯಿತು. ದುರಸ್ತಿಯಾದ ಹಡಗನ್ನು ಸಮುದ್ರದಲ್ಲಿ ಓಡಿಸಿ, ಪರೀಕ್ಷಿಸಿ, ಅನಂತರ ಸೇವೆಗೆ ಒಪ್ಪಿಸಿದರು. ಕೋನಿಗ್ ವಿಲ್‌ಹೆಲ್ಮ್ ೨ ಹಡಗು ೧೯೧೭ರ ಆಗಸ್ಟ್ ೨೭ರಂದೇ ನೌಕಾಬಲವನ್ನು ಸೇರಿ, ಅನಂತರ ಮಾದವಾಸ್ಕಾ ಎಂಬ ಹೊಸ ಹೆಸರನ್ನು ಪಡೆಯಿತು. ಹೊಸ ಎರಕಗಳಿಗಾಗಿ ಕಾದಿದ್ದರೆ ಅಷ್ಟು ಬೇಗನೆ ಇದು ಸಾಧ್ಯವಾಗುತ್ತಿರಲಿಲ್ಲ. ಮೊದಲು ಜರ್ಮನಿಯವಾಗಿದ್ದ ಹಡಗುಗಳಲ್ಲಿ ಯುದ್ಧವು ಮುಗಿಯುವುದರೊಳಗಾಗಿ ಐದು ಲಕ್ಷಕ್ಕೂ ಮಿಕ್ಕ ಅಮೆರಿಕನ್ ಸೈನಿಕರು ಯೂರೋಪನ್ನು ಸೇರಿದರು. ಮಾದವಾಸ್ಕಾ ೧೯೨೨ರಲ್ಲಿ ಯು. ಎಸ್. ಗ್ರಾಂಟ್ ಎಂಬ ಹೆಸರನ್ನು ಪಡೆದು ಎರಡನೆಯ ಮಹಾಯುದ್ಧದಲ್ಲಿಯೂ ದುಡಿಯಿತು. ಅಷ್ಟು ದೀರ್ಘವಾದ ಸೇವೆಯ ಕೀರ್ತಿಯೆಲ್ಲವೂ ಬೆಸುಗೆಗೇ ಸಲ್ಲದು. ಆದರೆ ಆ ಬೆಸುಗೆಯಿಲ್ಲದೆ ಆ ಸೇವೆಯು ಅಷ್ಟು ಬೇಗ ಆರಂಭವಾಗುತ್ತಿರಲಿಲ್ಲ.

ಇದನ್ನು ಕೇಳಿ, ಬೆಸುಗೆಯು ಸರ್ವರೋಗಕ್ಕೂ ಮದ್ದೆಂದು ಯಾರೂ ತಿಳಿಯಬಾರದು. ೧೯೪೩ನೆಯ ಜನವರಿ ೧೬ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ತೈಲದ ಹಡಗು ಶಾಂತವಾದ ನೀರಿನಲ್ಲಿ ನಿಂತಿದ್ದಂತೆಯೇ ಹೆಚ್ಚುಕಡಿಮೆ ಎರಡು ಹೋಳಾಯಿತು. ಚಳಿಗೆ ಪೆಡಸಾಗುವ ಉಕ್ಕು, ಬೆಸುಗೆಯ ದೋಷಗಳು, ಒಳಗೆ ಉಳಿದ ಸೆಳೆತ, ಇವೆಲ್ಲವೂ ಅಲ್ಲಿ ಕೂಡಿದ್ದುವು. ಒಡಲೆಲ್ಲ ಬೆಸೆದು ಒಂದಾಗಿದ್ದುದರಿಂದ ಬಿರುಕಿಗೆ ತಡೆಯೂ ಇರಲಿಲ್ಲ. ಅದೇ ವಿದ್ಯುಚ್ಚಾಪ, ಅದೇ ವಿದ್ಯೆ. ಲೋಹದ ಸ್ವಭಾವವನ್ನರಿತು ನಡೆದ ಕಡೆ ಅದು ಕಾಯಿತು, ಅರಿಯದ ಕಡೆ ಕೈಬಿಟ್ಟಿತು.

ಜರ್ಮನ್ ನಾವಿಕರು ತಮ್ಮ ಯಂತ್ರಗಳನ್ನು ಅರಿಯದವರಲ್ಲ. ಯಾವ ಅಂಗವು ಒಡೆದರೆ ಮತ್ತೆ ಕೂಡದೆಂಬುದನ್ನು ಅವರು ಸರಿಯಾಗಿಯೇ ಆರಿಸಿದ್ದರು. ಆದರೆ ಅವರ ಹಡಗುಗಳು ಎರಡೂವರೆ ವರ್ಷ ನಿಂತಲ್ಲಿಯೇ ನಿಂತಿದ್ದುವು. ದಡದ ಮೇಲಣ ಕಾರ್ಖಾನೆಗಳು ನಿಂತಿರಲಿಲ್ಲ. ಒಂದು ಯಂತ್ರವು ಕೆಟ್ಟು ನಿಂತಾಗ “ಇದು ಆಗದು” ಎನ್ನುವ ಮೊದಲು, ಆಗದೆಂಬ ನಮ್ಮ ತಿಳಿವಳಿಕೆಯು ಯಾವ ವರ್ಷದ್ದೆಂದು ಕೇಳಿಕೊಳ್ಳುವುದು ಒಳ್ಳೆಯದು. “ಇದು ಆಗುವುದು” ಎನ್ನುವವರಾದರೋ ಅದನ್ನು ನೀರಿಗಿಳಿಸಿ, ಓಡಿಸಿ, ಅನಂತರ ಹೇಳಬೇಕು. ಗ್ರಿಫಿನ್ ಮತ್ತು ಜೆಸಪ್ ಇವೆರಡನ್ನೂ ಮಾಡಿದರು.