ಪುಟದ ಅಡಿಯ ಗೆರೆ

1776ರ ಫೆಬ್ರವರಿಯಲ್ಲಿ ಎಡ್ವರ್ಡ್ ಗಿಬ್ಬನ್ ರೋಮ್ ಸಾಮ್ರಾಜ್ಯದ ಅವನತಿಯ ಬಗ್ಗೆ ಬರೆದ ಇತಿಹಾಸದ ಮೊದಲ ಸಂಪುಟ ಲಂಡನ್ನಿನಲ್ಲಿ ಪ್ರಕಟವಾಯಿತು. ಟಿಪ್ಪಣಿಗಳನ್ನೆಲ್ಲ ಸಂಪುಟದ ಕೊನೆಗೆ ಹಾಕಿದ್ದರು. ಏಪ್ರಿಲ್‌ನಲ್ಲಿ ಡೇವಿಡ್ ಹ್ಯೂಮ್ ಮುದ್ರಕ ವಿಲಿಯಂ ಸ್ಟ್ರಾಹನ್‌ಗೆ ಪತ್ರ ಬರೆದು ಪುಸ್ತಕವನ್ನು ಮೆಚ್ಚಿಕೊಂಡ. ಜೊತೆಗೆ ಒಂದು ತಕರಾರನ್ನೂ ತೆಗೆದ. ಟಿಪ್ಪಣಿಯ ಸಂಖ್ಯೆ ಕಂಡಾಗಲೆಲ್ಲ ಕೊನೆಯ ಪುಟಗಳಿಗೆ ಹೋಗಬೇಕು, ಹೋದರೆ ಎಷ್ಟೋ ಸಲ ಅಲ್ಲಿರುವುದು ಬರೀ ಆಕರದ ಹೆಸರು. ಇಂಥವನ್ನು ಪುಟದ ಅಂಚಿನಲ್ಲೋ ಅಡಿಯಲ್ಲೋ ಅಚ್ಚು ಹಾಕಬೇಕು ಎಂದ. ಹ್ಯೂಮ್ ಆಗಲೇ ಕಾಯಿಲೆ ಬಿದ್ದಿದ್ದ, ಆಗಸ್ಟ್‌ನಲ್ಲಿ ತೀರಿಕೊಂಡ. ಮುಂದಿನ ಮುದ್ರಣಗಳಲ್ಲಿ ಟಿಪ್ಪಣಿಗಳು ಪುಟದ ಅಡಿಗೆ ಬಂದವು. ಗಿಬ್ಬನ್‌ಗೆ ಮಾತ್ರ ಸಮಾಧಾನವಿರಲಿಲ್ಲ. ಓದುಗರ ಒತ್ತಾಯಕ್ಕೆ ಮಣಿದದ್ದಕ್ಕೆ ತಾನು ಅನೇಕ ಸಲ ಮರುಗಿದ್ದುಂಟು ಎಂದು ಆತ್ಮಚರಿತ್ರೆಯಲ್ಲಿ ಬರೆದುಕೊಂಡ.

ಇವತ್ತು ಈ ಕೆಲಸಕ್ಕೆ ಒಂದು ಗುಂಡಿ ಸಾಕು. ವರ್ಡ್‌ನಲ್ಲಿ ಅಡಿಟಿಪ್ಪಣಿಯ ಪೆಟ್ಟಿಗೆ ತೆರೆದು ‘ಕನ್ವರ್ಟ್’ ಒತ್ತಿದರೆ, ಪುಟದ ಅಡಿಯಲ್ಲಿದ್ದ ಮುನ್ನೂರು ಟಿಪ್ಪಣಿಗಳೂ ಒಟ್ಟಿಗೆ ಕೊನೆಗೆ ಹೋಗಿ ಕೂರುತ್ತವೆ. ಆದರೆ ಕೆಲಸ ಸುಲಭವಾದ ಮಾತ್ರಕ್ಕೆ ಹ್ಯೂಮ್ ಎತ್ತಿದ ಪ್ರಶ್ನೆ ಬಗೆಹರಿಯಲಿಲ್ಲ.

ನಮ್ಮ ಓಲೆಗರಿಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಗರಿ ಉದ್ದ, ಆದರೆ ಎತ್ತರ ಕೆಲವೇ ಸಾಲಿನಷ್ಟು. ಪದ್ಯ ಮುಗಿದ ಕಡೆಯಿಂದಲೇ ಅದರ ಟೀಕೆ ಮುಂದುವರಿಯುತ್ತಿತ್ತು. ಟೀಕೆಯ ಮುಖ್ಯ ಕೆಲಸ ಮೂಲವನ್ನು ಬಿಡಿಸಿ ಹೇಳುವುದು. ಇತಿಹಾಸಕಾರರ ಅಡಿಟಿಪ್ಪಣಿಯದು ಬೇರೆ ಕೆಲಸ: ಈ ಮಾತನ್ನು ಎಲ್ಲಿಂದ ತಂದೆ ಎಂದು ತೋರಿಸಿ, ಬೇಕಾದರೆ ಹೋಗಿ ನೋಡಿ ಎನ್ನುವುದು. 1697ರಲ್ಲಿ ಬಂದ ಪಿಯರ್ ಬೇಯ್ಲ್‌ನ ಚಾರಿತ್ರಿಕ ನಿಘಂಟಿನಲ್ಲಿ ಇದು ವಿಪರೀತಕ್ಕೇ ಹೋಗಿತ್ತು. ಎಷ್ಟೋ ಪುಟಗಳಲ್ಲಿ ಮೇಲೆ ನಾಲ್ಕಾರು ಸಾಲು ಮೂಲಪಾಠ, ಉಳಿದ ಜಾಗವೆಲ್ಲ ಟಿಪ್ಪಣಿ.

ಟೈಪ್‌ರೈಟರ್ ಕಾಲದಲ್ಲಿ ಅಡಿಟಿಪ್ಪಣಿ ಎಂದರೆ ಬೆರಳಚ್ಚುಗಾರರಿಗೆ ಲೆಕ್ಕದ ಕೆಲಸ. ಟಿಪ್ಪಣಿಗೆ ಎಷ್ಟು ಸಾಲು ಬೇಕೆಂದು ಮೊದಲೇ ಎಣಿಸಿ ಅಷ್ಟು ಜಾಗ ಬಿಡಬೇಕು. ಒಂದು ಸಾಲು ಹೆಚ್ಚಾದರೆ ಇಡೀ ಪುಟವನ್ನು ಮತ್ತೆ ಹೊಡೆಯಬೇಕು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ 1930ರಿಂದ 1958ರವರೆಗೆ ಪ್ರಬಂಧಗಳ ಕಾರ್ಯದರ್ಶಿಯಾಗಿದ್ದ ಕೇಟ್ ಟುರಾಬಿಯನ್, ವಿದ್ಯಾರ್ಥಿಗಳಿಗೆಂದು 1937ರಲ್ಲಿ ಒಂದು ಚಿಕ್ಕ ಕೈಪಿಡಿ ಮಾಡಿದರು. ಅದೇ ಬೆಳೆದು ಇವತ್ತಿಗೂ ಸಂಶೋಧನಾ ವಿದ್ಯಾರ್ಥಿಗಳ ಕೈಯಲ್ಲಿದೆ. ಅಲ್ಪವಿರಾಮ ಎಲ್ಲಿ, ಪುಟಸಂಖ್ಯೆ ಎಲ್ಲಿ ಎಂದು ನಾವು ತಲೆ ಕೆಡಿಸಿಕೊಳ್ಳುವ ನಿಯಮಗಳಲ್ಲಿ ಎಷ್ಟೋ ರೂಪುಗೊಂಡದ್ದು ಕಚೇರಿಯ ಇಂಥ ಮೇಜುಗಳ ಮೇಲೆ.

ಸಾಲು ಎಣಿಸುವ ಆ ಕೆಲಸ ಈಗ ಕಂಪ್ಯೂಟರಿನದು. ತೀರ್ಮಾನಗಳು ಮಾತ್ರ ಇನ್ನೂ ನಮ್ಮವೇ. ಸಂಖ್ಯೆ ಪ್ರಬಂಧದುದ್ದಕ್ಕೂ ಓಡಬೇಕೋ, ಅಧ್ಯಾಯಕ್ಕೊಮ್ಮೆ ಒಂದರಿಂದ ಶುರುವಾಗಬೇಕೋ? ವರ್ಡ್‌ನಲ್ಲಿ ಎರಡನೆಯದು ಬೇಕಿದ್ದರೆ ಪ್ರತಿ ಅಧ್ಯಾಯವನ್ನೂ ಬೇರೆ ‘ಸೆಕ್ಷನ್’ ಮಾಡಿರಬೇಕು. ಟಿಪ್ಪಣಿಯ ಅಕ್ಷರ ದೊಡ್ಡದು ಮಾಡಲು ಒಂದೊಂದನ್ನೇ ತಿದ್ದಬೇಕಿಲ್ಲ. ‘ಫುಟ್‌ನೋಟ್ ಟೆಕ್ಸ್ಟ್’ ಎಂಬ ಸ್ಟೈಲನ್ನು ಬದಲಿಸಿದರೆ ಎಲ್ಲವೂ ಬದಲಾಗುತ್ತವೆ. ಲಿಬ್ರೆಆಫೀಸಿನಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಅಕ್ಷರದ ಗಾತ್ರವನ್ನು ಬೇರೆಬೇರೆಯಾಗಿ ಕೊಡಬೇಕು, ಇಲ್ಲವಾದರೆ ಒಂದೇ ಟಿಪ್ಪಣಿಯಲ್ಲಿ ಒಂದು ದಪ್ಪ, ಒಂದು ಸಣ್ಣ. ಮೂಲಪಾಠಕ್ಕೂ ಟಿಪ್ಪಣಿಗೂ ನಡುವಿನ ಆ ಚಿಕ್ಕ ಗೆರೆಯನ್ನೂ ಬದಲಿಸಬಹುದು. ವರ್ಡ್‌ನಲ್ಲಿ ಅದಕ್ಕೆ ‘ಡ್ರಾಫ್ಟ್’ ನೋಟಕ್ಕೆ ಹೋಗಬೇಕು.

ಇದೆಲ್ಲ ಬರೀ ಅಲಂಕಾರವಲ್ಲ. ಕರ್ನಾಟಕದ ಇತಿಹಾಸ ಬರೆಯುವವರ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ‘ಎಪಿಗ್ರಾಫಿಯಾ ಕರ್ನಾಟಿಕಾ’. ಬಿ. ಎಲ್. ರೈಸ್ ಹೊರತಂದ ಸಂಪುಟಗಳಲ್ಲಿ ಐದನೆಯದು ಹಾಸನ ಜಿಲ್ಲೆಯದು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಐದನೆಯದು ಮೈಸೂರು ಜಿಲ್ಲೆಯದು. ‘ಎ.ಕ. 5’ ಎಂದಷ್ಟೇ ಬರೆದು, ಯಾವ ಆವೃತ್ತಿ ಎಂದು ಹೇಳದಿದ್ದರೆ ಬೇಲೂರಿನ ಶಾಸನ ಹುಡುಕುವವರು ಮೈಸೂರು ಜಿಲ್ಲೆಯ ಶಾಸನಗಳ ನಡುವೆ ಅಲೆಯಬೇಕಾಗುತ್ತದೆ. ಈ ಕೊರತೆ ಪುಟದ ಅಡಿಯಲ್ಲಿದ್ದರೆ ಓದುವವರ ಕಣ್ಣಿಗೆ ಅಲ್ಲೇ ಬೀಳುತ್ತದೆ: ಮೇಲೆ ಬೇಲೂರು, ಕೆಳಗೆ ಬರೀ ಒಂದು ಅಂಕಿ. ಅಧ್ಯಾಯದ ಕೊನೆಯ ಎಂಟು ಪುಟದ ರಾಶಿಯಲ್ಲಿ ಅದು ಸೇರಿಹೋದರೆ ಗಮನಿಸುವವರು ಅಪರೂಪ.

ಗಿಬ್ಬನ್‌ನ ಪಕ್ಷದಲ್ಲೂ ನ್ಯಾಯವಿದೆ. ಕಥನದ ಓಟ ಪ್ರತಿ ಸಾಲಿಗೂ ಕಡಿಯಬಾರದು. ಸಾಮಾನ್ಯ ಓದುಗರಿಗೆಂದು ಬರೆದ ಪುಸ್ತಕದಲ್ಲಿ ಕೊನೆಟಿಪ್ಪಣಿಯೇ ಹಿತ. ಆದರೆ ಸಂಶೋಧನಾ ಪ್ರಬಂಧವನ್ನು ನಾವು ಬರೆಯುವುದೇ ಪರೀಕ್ಷೆಗೆ ಒಡ್ಡಲಿಕ್ಕೆ. ಅಲ್ಲಿ ಹ್ಯೂಮ್‌ನ ಮಾತೇ ಸರಿ ಎಂದು ನನಗನ್ನಿಸುತ್ತದೆ. ಗೆರೆಯ ಮೇಲಿರುವುದು ನಮ್ಮ ಹೇಳಿಕೆ, ಕೆಳಗಿರುವುದು ಅದಕ್ಕೆ ಆಧಾರ. ಎರಡೂ ಒಂದೇ ನೋಟಕ್ಕೆ ಸಿಕ್ಕಿದಾಗ, ನಮ್ಮನ್ನು ನಂಬಬೇಕೋ ಬೇಡವೋ ಎಂಬುದನ್ನು ಓದುವವರು ತಾವೇ ನಿರ್ಧರಿಸಬಹುದು.